ಗ್ವಾಡಿ ಬಟನ್ ಮತ್ತು ನಾನು ಬರೆದ ಡ್ರೈವರ್

ನನಗೆ ಗಾಡಿ ಹೊಡೆಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಮ್ಮೆ ಸ್ಕೂಟರ್ ಕಲಿಯಲು ಹೋಗಿ ಯರಗುಪ್ಪಿಯ ನಮ್ಮ ಓಣಿಯಲ್ಲಿ ಒಟ್ಟಿದ್ದ ಹತ್ತಿಕಟ್ಟಿಗೆಯ ಬಣವೆಗೆ ಹಾಯಿಸಿದ ಮೇಲೆ ಮತ್ತೆ ಆ ಕಡೆ ಮುಖ ಹಾಕಿಲ್ಲ. ಆದರೂ ನಮ್ಮ ಬೀಗರ ಬಳಗದಲ್ಲಿ ಅರ್ಧ ಜನಕ್ಕೆ ನಾನು ಡ್ರೈವರ್.

ಇದಕ್ಕೆ ಕಾರಣ ನನ್ನ ಹೆಂಡತಿ ಗಿರಿಜಾ. ಅವಳ ಅಣ್ಣನ ಮಗಳಿಗೆ ಬಮ್ಮಿಗಟ್ಟಿಯ ಸಂಬಂಧ ಬಂದಿತ್ತು. ಹುಡುಗನ ಕಾಕಾ ಚಹಾದ ಕಪ್ಪು ಕೆಳಗಿಟ್ಟು ನನ್ನ ಕಡೆ ಗದ್ದ ಎತ್ತಿ ಕೇಳಿದರು:

"ಹುಡುಗಿ ಮಾವಾರು ಏನ್ ಮಾಡ್ತಾರ್ರಿ?"

ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ ಹೆಮ್ಮೆಯಿಂದ ಹೇಳಿದಳು: "ನಮ್ಮನ್ಯಾರು ಡ್ರೈವರ್ ಬರದಾರ್ರಿ. ಕಾರ್ಡಿಂದು."

"ಕಾರಿಂದ? ಹಂಗಾರ ಮದವಿಗೆ ಗಾಡಿ ಚಿಂತಿ ಹೋತ್ ಬಿಡ್ರಿ!"

ಮದುವೆಯ ದಿನ ಅವರು ನಿಜವಾಗಿಯೂ ನನ್ನ ಕೈಗೆ ಕಾರಿನ ಕೀಲಿ ತಂದಿಟ್ಟರು. ಅದನ್ನು ಹಿಡಿದು ನಾನು ಬೆವೆತ ಬೆವರನ್ನು ನೋಡಿ, ಮನುಷ್ಯ ಕುಡಿದಿರಬೇಕು ಎಂದು ಅವರೇ ವಾಪಸ್ ಇಸಿದುಕೊಂಡರು.

ಈಗ ನಾನು ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದೇನೆ. ಮುದುಕ ಎನ್ನಿಸಿಕೊಳ್ಳಲು ಇನ್ನೂ ಸಮಯವಿದೆ, ಆದರೆ ಕುರ್ಚಿಯ ಮೇಲೆ ಕಳೆದ ವರ್ಷಗಳನ್ನು ಬೆನ್ನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದೆ. ಕುಂದಗೋಳದ ಆಚೆ ಹೊಲಗಳ ನಡುವಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಆಗಿದ್ದೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು "ಸರ್, ಕೆಲಸ ಹ್ಯಾಂಗಿರ್ತದ?" ಎಂದು ಕೇಳುತ್ತಾರೆ. ಹೇಳಲು ಬಡ್ತಿಯ ಕಥೆ ನನ್ನ ಹತ್ತಿರ ಹೆಚ್ಚಿಲ್ಲ. ಒಂದು ಡ್ರೈವರ್‌ನ ಕಥೆ ಇದೆ. ಅದರಲ್ಲಿ ಈ ಕೆಲಸದ ಎಲ್ಲವೂ ಬಂದುಹೋಗುತ್ತದೆ.

ಅದಕ್ಕೂ ಮೊದಲು ನನ್ನ ಸ್ವಭಾವ ಸ್ವಲ್ಪ ಗೊತ್ತಿರಬೇಕು. ನಾನು ಚಿಂತೆ ಮಾಡುವ ಮನುಷ್ಯ. ಮಳೆ ಬಂದರೆ ಲ್ಯಾಬ್ ಸೋರುತ್ತದೆ ಎಂದು ಚಿಂತೆ, ಬಾರದಿದ್ದರೆ ಧೂಳು ಎಂದು ಚಿಂತೆ. ಎಲ್ಲಕ್ಕಿಂತ ದೊಡ್ಡದು ಬೆಂಕಿಯ ಚಿಂತೆ. ಸಂಜೆ ಮಶೀನುಗಳನ್ನು ಬಂದ್ ಮಾಡಿದರೆ ನನಗೆ ಸಮಾಧಾನವಿಲ್ಲ. ಒಂದೊಂದರ ಹಿಂದಿನ ಗೋಡೆಯ ಬಟನ್ ಬಂದ್ ಆಗಬೇಕು, ಕೊನೆಗೆ ಬಾಗಿಲ ಬಾಜುವಿನ ದೊಡ್ಡ ಮೇನ್ ಸ್ವಿಚ್ ಕೆಳಗಿಳಿಯಬೇಕು. ಇಳಿಸಿದ ಮೇಲೂ ಬಸ್‌ಸ್ಟ್ಯಾಂಡಿನ ತನಕ ಹೋಗಿ, ಇಳಿಸಿದೆನೋ ಇಲ್ಲವೋ ಎಂದು ಅನುಮಾನ ಬಂದು ತಿರುಗಿ ಬರುತ್ತಿದ್ದೆ. ಲ್ಯಾಬಿನ ಅಟೆಂಡರ್ ಈರಪ್ಪ ನನ್ನದೇ ವಯಸ್ಸಿನವನು, ನಾನು ಬಿಟ್ಟ ಸಮಾಧಾನವನ್ನೆಲ್ಲ ಅವನೇ ಇಟ್ಟುಕೊಂಡಿದ್ದ. ಬೀಗ ಹಾಕಿ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕುತ್ತ ನನ್ನ ದಾರಿಯನ್ನೇ ನೋಡುತ್ತಿದ್ದ.

"ಬಂದ್ ಮಾಡೀನ್ರಿ ಸರ."

"ಖರೇನ ಮಾಡಿಯೇನು?"

"ನಿಮ್ಮ ಮುಂದ ಮಾಡೀನಿ. ಮ್ಯಾಲ ನಿಮ್ಮ ಕೈಲೆನ ಮುಟ್ಟಿಸೀನಿ. ಬಸ್ ಹೊಕ್ಕೈತಿ, ಓಡ್ರಿ."

ಈ ಗೋಡೆಯ ಬಟನ್ ನೆನಪಿನಲ್ಲಿರಲಿ.

ಒಂದು ವರ್ಷ ಕಾಲೇಜಿಗೆ ಯಾವುದೋ ಕಚೇರಿಯವರು ಬಳಸಿ ಬಿಟ್ಟ ಮಶೀನುಗಳು ಟ್ರಾಕ್ಟರಿನಲ್ಲಿ ಬಂದವು. ಗಟ್ಟಿಮುಟ್ಟಾದ ಮಶೀನುಗಳೇ. ನಮ್ಮ ಲ್ಯಾಬಿನಲ್ಲಿ ಬಳಸುತ್ತಿದ್ದದ್ದು ಯಾರು ಬೇಕಾದರೂ ತೆರೆದು ನೋಡಬಹುದಾದ, ತಿದ್ದಬಹುದಾದ, ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಮ್. ಅದನ್ನು ಹಾಕಿದೆ. ಪರದೆ ಬಂತು, ಕೀಲಿಮಣೆ ಬಂತು, ನೆಟ್‌ವರ್ಕ್ ಮಾತ್ರ ಬರಲಿಲ್ಲ. ಕೇಬಲ್ ಬಂದು ಚುಚ್ಚಿಕೊಳ್ಳುವ ಕಾರ್ಡ್ ಎಲ್ಲದರಲ್ಲೂ ಒಂದೇ ಜಾತಿಯದು, ಯಾರೂ ಕೇಳದ ಕಂಪನಿಯದು. ಆ ಕಾರ್ಡಿನ ಜೊತೆ ಮಾತಾಡುವ ಪ್ರೋಗ್ರಾಮ್, ಅಂದರೆ ಡ್ರೈವರ್, ಆ ಸಿಸ್ಟಮ್ಮಿನಲ್ಲಿ ಇರಲೇ ಇಲ್ಲ.

ನೆಟ್‌ವರ್ಕ್ ಇಲ್ಲದ ಲ್ಯಾಬ್ ಅಂದರೆ ಹತ್ತಿರ ಹತ್ತಿರ ಇಟ್ಟ ಟೈಪ್‌ರೈಟರುಗಳು. ಸುತ್ತಲಿನ ಹಳ್ಳಿಗಳಿಂದ ಬಸ್ಸು ಹಿಡಿದು ಬರುತ್ತಿದ್ದ ನಮ್ಮ ಹುಡುಗಿಯರಿಗೆ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕೈ ಪಳಗಿಸಿಕೊಳ್ಳಲು ಇದ್ದದ್ದು ಇದೊಂದೇ ಕೋಣೆ. ಹೊಸ ಕಾರ್ಡು ಕೊಳ್ಳೋಣ ಎಂದರೆ ಆಡಳಿತ ಮಂಡಳಿ ಪುಕ್ಕಟೆ ಬಂದ ಎತ್ತಿಗೆ ಮೂಗುದಾರ ಯಾಕೆ ಎನ್ನುವಂತೆ ನೋಡಿತು. ಕಾರ್ಡಿನ ಮೇಲಿನ ಚಿಪ್ಪಿನ ವಿವರದ ಪುಸ್ತಕ ಎಲ್ಲೋ ಹುಡುಕಿದಾಗ ಸಿಕ್ಕಿತು. ಅದರ ಇಂಗ್ಲಿಷು ನನ್ನ ಇಂಗ್ಲಿಷಿಗಿಂತಲೂ ಮುರುಕು. ಅದನ್ನು ನೋಡಿ ಧೈರ್ಯ ಬಂತು. ನಾನೇ ಬರೆಯುತ್ತೇನೆ ಎಂದೆ. ಹೇಳಿದ ಮರುಕ್ಷಣವೇ ಚಿಂತೆ ಶುರುವಾಯಿತು ಎಂದು ಬೇರೆ ಹೇಳಬೇಕಾಗಿಲ್ಲ.

ಡ್ರೈವರ್ ಎಂದರೆ ಏನು? ನಮ್ಮೂರ ನಳದ ಮುಂದಿನ ಕೊಡಗಳ ಪಾಳಿಯನ್ನು ನೆನೆಸಿಕೊಳ್ಳಿ. ಸಾಲಾಗಿ ಖಾಲಿ ಕೊಡ ಇಟ್ಟಿರುತ್ತೇವೆ. ಕೇಬಲ್ಲಿನಿಂದ ಬರುವ ಸುದ್ದಿಯನ್ನು ಕಾರ್ಡು ಒಂದೊಂದು ಕೊಡಕ್ಕೆ ತುಂಬುತ್ತದೆ, ತುಂಬಿತೆಂದು ಕೂಗುತ್ತದೆ. ನಾವು ಓಡಿಹೋಗಿ ತುಂಬಿದ್ದನ್ನು ಒಳಗೆ ಸುರಿದು, ಖಾಲಿ ಕೊಡವನ್ನು ಪಾಳಿಯ ಕೊನೆಗೆ ತಂದಿಡಬೇಕು. ಇಷ್ಟೇ. ಈ ಇಷ್ಟರಲ್ಲಿಯೇ ನಾನು ಮಾಡದ ತಪ್ಪಿಲ್ಲ. ಮೊದಲ ಡ್ರೈವರಿನಲ್ಲಿ ನೀರು ಸುರಿಯುವುದನ್ನು ಬರೆದೆ, ಕೊಡ ತಿರುಗಿ ಇಡುವುದನ್ನು ಮರೆತೆ. ಮಶೀನು ಸ್ವಲ್ಪ ಹೊತ್ತು ಚೆಂದ ನಡೆದು, ಕೊಡ ತೀರಿ, ನಿಂತೇಬಿಡುತ್ತಿತ್ತು. ಎರಡನೆಯದರಲ್ಲಿ ಕೊಡ ತುಂಬುವ ಮೊದಲೇ ಎತ್ತಿಕೊಂಡು ಓಡಿದೆ. ಪರದೆಯ ಮೇಲೆ ಅರ್ಧ ಅಕ್ಷರಗಳು, ಅರ್ಧ ಹಿಂದಿನವರ ನೀರು. ಮೂರನೆಯದು ನಡೆಯಿತು.

ನಡೆಯಿತು ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಬೇಸಿಗೆ ಬಂತು. ಲ್ಯಾಬಿನಿಂದ ಆಫೀಸಿಗೆ ಹೋಗುವ ಸುದ್ದಿ ಅರ್ಧಂಬರ್ಧ ತಲುಪತೊಡಗಿತು. ನಾನು ವಾರಗಟ್ಟಲೆ ಡ್ರೈವರಿನ ಸಾಲು ಸಾಲು ಜಾಲಾಡಿದೆ. ಸರಿಯಿದ್ದ ಸಾಲುಗಳನ್ನೂ ತಿದ್ದಿ ಕೆಡಿಸಿ, ಮತ್ತೆ ಮೊದಲಿನಂತೆ ಮಾಡಿದೆ. ಒಂದು ದಿನ ಮೈದಾನ ದಾಟಿ ಆಫೀಸಿಗೆ ಹೋಗುವಾಗ ನನ್ನ ಚಪ್ಪಲಿ ನೆಲದ ಬಿರುಕಿನಲ್ಲಿ ಸಿಕ್ಕಿಕೊಂಡಿತು. ಬಗ್ಗಿ ತೆಗೆಯಲು ಹೋದರೆ, ಚಪ್ಪಲಿಯ ಕೆಳಗೆ ನಮ್ಮ ಕೇಬಲ್! ಎರೆ ನೆಲ ಒಣಗಿ ಬಾಯಿ ಬಿಟ್ಟು, ಹೂತಿಟ್ಟ ಕೇಬಲ್ಲನ್ನು ಎರಡೂ ಕಡೆಯಿಂದ ಜಗ್ಗಿ ಹರಿದಿತ್ತು. ಹೊಸಬರಿಗೆ ನನ್ನ ಮೊದಲ ಬುದ್ಧಿಮಾತು ಇದೇ. ಕೋಡು ನೋಡುವ ಮೊದಲು ನೆಲ ನೋಡಿ. ಈ ಸೀಮೆಯಲ್ಲಿ ಅದು ಬಾಯಿ ಬಿಡುತ್ತದೆ.

ಕೇಬಲ್ಲನ್ನು ಗೋಡೆಯ ಮೇಲೆ ಹಾಯಿಸಿದೆವು. ಲ್ಯಾಬು ನಡೆಯಿತು. ಆದರೆ ಇನ್ನೊಂದು ತೊಡಕು ಉಳಿದಿತ್ತು. ನನ್ನ ಡ್ರೈವರ್ ಹೊರಗಿನದು. ಆಪರೇಟಿಂಗ್ ಸಿಸ್ಟಮ್ಮಿನ ಹೊಸ ಆವೃತ್ತಿ ಬಂದಾಗಲೆಲ್ಲ ಒಳಗಿನ ಏನೋ ಒಂದು ಬದಲಾಗಿ ನನ್ನದು ಮುರಿಯುತ್ತಿತ್ತು. ನಾನು ಕೂತು ಸರಿಮಾಡುವ ತನಕ ಲ್ಯಾಬು ಬಂದ್. ಒಮ್ಮೆ ಹಾಗೆ ಮುರಿದ ಹೊತ್ತಿಗೇ ನನಗೆ ಟೈಫಾಯ್ಡ್ ಆಗಿ ಮಲಗಿದಾಗ ಹುಡುಗಿಯರು ದಿನಾ ಬಂದು ದಿನಾ ತಿರುಗಿ ಹೋದರು. ಎದ್ದು ಬಂದ ದಿನವೇ ಪ್ರಿನ್ಸಿಪಾಲರು ಕರೆಸಿದರು. ಸಿಟ್ಟಿನ ಮನುಷ್ಯರಲ್ಲ, ಲೆಕ್ಕದ ಮನುಷ್ಯರು.

"ಕೂಡ್ರಿ. ಮೈ ಆರಾಮ ಆತಿಲ್ಲ? ಚಲೋ ಆತು. ಒಂದ್ ಮಾತ್ ಹೇಳ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಈ ಲ್ಯಾಬ್ ಮಶೀನ್ ಮ್ಯಾಲ ನಡದಿಲ್ಲ. ನಿಮ್ಮ ಮ್ಯಾಲ ನಡದೈತಿ. ನಾಳೆ ನೀವ್ ಮತ್ತ ಮಲ್ಕೊಂಡ್ರ?"

"ಮಲ್ಕೊಳ್ಳಂಗಿಲ್ರಿ ಸರ."

"ಅದು ನಿಮ್ಮ ಕೈಯಾಗ ಐತೇನು? ನಿಮ್ಮ ಡ್ರೈವರ್ ಆ ಸಿಸ್ಟಮ್ಮಿನ ಒಳಗ ಸೇರಿಸಾಕ ಬರತದಂತಲ್ಲ? ಸೇರಿಸ್ರಿ. ಹೊಸ ವರ್ಷದ ಹುಡುಗ್ಯಾರು ಬರೂದ್ರಾಗ ಸೇರಿದ್ರ ಲ್ಯಾಬ್ ಇರತದ. ಇಲ್ಲಾಂದ್ರ ಮಶೀನ್ ಗುಜರಿಗೆ, ಕ್ವಾಣಿ ವಾಲಿಬಾಲ್ ನೆಟ್ ಇಡಾಕ."

ನ್ಯಾಯವಾದ ಮಾತೇ. ಆದ್ದರಿಂದಲೇ ರಾತ್ರಿ ಊಟ ಸೇರಲಿಲ್ಲ.

ಈ ತೆರೆದ ಸಿಸ್ಟಮ್ಮಿಗೆ ಏನನ್ನಾದರೂ ಸೇರಿಸಬೇಕಾದರೆ ಒಂದು ಪದ್ಧತಿ ಇದೆ. ಬರೆದದ್ದನ್ನು ಎಲ್ಲರಿಗೂ ಕಾಣುವಂತೆ ಮೇಲ್ ಮಾಡಬೇಕು. ಆ ಭಾಗವನ್ನು ನೋಡಿಕೊಳ್ಳುವವರೊಬ್ಬರು ಇರುತ್ತಾರೆ, ಅವರಿಗೆ ಮೇಂಟೇನರ್ ಎನ್ನುತ್ತಾರೆ. ಅವರು ಒಪ್ಪಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ನಮ್ಮ ಕಾರ್ಡುಗಳ ಭಾಗದ ಮೇಂಟೇನರ್ ಯಾವುದೋ ಥಂಡಿ ದೇಶದವರು. ಹೆಸರು ನೋಡಿದರೆ ಗಂಡೋ ಹೆಣ್ಣೋ ತಿಳಿಯಲಿಲ್ಲ. ಕನ್ನಡದಲ್ಲಿ ಇದು ತೊಂದರೆಯೇ ಅಲ್ಲ. ಅವತ್ತಿನಿಂದ ಇವತ್ತಿನವರೆಗೆ ಮನೆಯಲ್ಲಿ ಅವರನ್ನು "ಅವರು" ಎಂದೇ ಕರೆಯುತ್ತೇವೆ.

ಕಳಿಸುವ ಮೊದಲು ಡ್ರೈವರನ್ನು ಕಾಗದದ ಮೇಲೆ ತೆಗೆದು ಮನೆಗೆ ಒಯ್ದೆ. ಗಿರಿಜಾ ನವಲಗುಂದದವಳು. ತವರಿನಿಂದ ತಂದ ಜಮಖಾನ ಹಾಸಿ, ಅದರ ಮೇಲೆ ಹಾಳೆಗಳನ್ನು ಹರವಿಕೊಂಡು ತಪ್ಪು ಹುಡುಕುತ್ತಿದ್ದೆ. ಅವಳು ಪ್ರಾಥಮಿಕ ಶಾಲೆಯ ಟೀಚರ್. ತಪ್ಪು ಕಾಣುವುದರಲ್ಲಿ ಅವಳ ಕಣ್ಣು ನನಗಿಂತ ಚುರುಕು. ಒಂದು ಹಾಳೆ ಎತ್ತಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದಳು:

"ಹೋ... ಗ್ತೀ... ನಿ. ರೀ, ಇದೇನಿದು? ಹೋಗ್ತೀನಿ ಅಂತ ಬರದೀರಿ?"

ನಾನು ಬರೆಯುವಾಗ ಮನಸ್ಸಿಗೆ ಬಂದ ಹೆಸರು ಇಟ್ಟುಬಿಡುತ್ತಿದ್ದೆ. ಮಶೀನು ಬಂದ್ ಆಗುವಾಗ ಕಾರ್ಡಿಗೆ ಕೊನೆಯ ಹುಕುಂ ಕೊಡುವ ಭಾಗಕ್ಕೆ ಆ ಹೆಸರು ಬಿದ್ದಿತ್ತು.

"ಮಶೀನ್ ಬಂದ್ ಆಗೂ ಮುಂದ ಅದನ್ನ ಹೇಳಿ ಹೋಗತದ," ಅಂದೆ.

"ಹಂಗ ಅಂತಾರೇನ್ರಿ ಯಾರಾರ, ಹೊಂಟು ನಿಂತಾಗ? ನಮ್ಮವ್ವ ಇದ್ದಿದ್ರ ಬಾಯಿ ಮ್ಯಾಲ ಹೊಡೀತಿದ್ಲು. ಬರ್ತೀನಿ ಅನಬೇಕು."

"ಏ, ಅದು ಮಶೀನ್ ಐತಿ. ಅದಕ್ಕೇನ್ ತಿಳೀತದ?"

"ಅದಕ್ಕ ತಿಳೀಲಿಕ್ಕಂದ್ರ ನಿಮಗ ತಿಳೀಬೇಕಲ್ಲ," ಎಂದು ಹಾಳೆ ಕೆಳಗಿಟ್ಟು ರೊಟ್ಟಿ ಬಡಿಯಲು ಹೋದಳು. ನಾನು ನಕ್ಕು ಕಳಿಸಿಬಿಟ್ಟೆ.

ಉತ್ತರ ಬಂತು. ಅಂಥ ಉತ್ತರ ಪರೀಕ್ಷೆಯಲ್ಲೂ ಬಂದಿರಲಿಲ್ಲ. ಸಾಲು ಉದ್ದವಾಗಿದೆ. ಇಲ್ಲಿ ಜಾಗ ಹೆಚ್ಚು ಬಿಟ್ಟಿದ್ದೀರಿ, ಅಲ್ಲಿ ಕಡಿಮೆ. ಈ ಕೆಲಸಕ್ಕೆ ಮೊದಲೇ ಒಂದು ಸಲಕರಣೆ ಇದೆ, ನೀವು ಮತ್ತೆ ಯಾಕೆ ಬರೆದಿರಿ. ಹೆಸರುಗಳು ಎಲ್ಲರೂ ಓದುವ ಭಾಷೆಯಲ್ಲಿರಲಿ. ಎಲ್ಲಿಯೂ ಒರಟಿಲ್ಲ, ಎಲ್ಲಿಯೂ ಬಿಟ್ಟಿಲ್ಲ. ಮೊದಲ ಬಾರಿ ಓದಿದಾಗ ಮುಖ ಬಿಸಿಯಾಯಿತು. ಎರಡನೇ ಬಾರಿ ಓದಿದಾಗ ಒಂದು ಗೊತ್ತಾಯಿತು. ನನ್ನ ಇಡೀ ನೌಕರಿಯಲ್ಲಿ ನಾನು ಮಾಡಿದ ಕೆಲಸವನ್ನು ಮೊದಲಿನಿಂದ ಕೊನೆಯ ಸಾಲಿನವರೆಗೆ ಯಾರಾದರೂ ಓದಿದ್ದು ಅದೇ ಮೊದಲು. ನಮ್ಮ ಮೇಲಧಿಕಾರಿಗಳು ನನ್ನ ವರದಿಗಳ ಮೇಲೆ ಹಸಿರು ಶಾಯಿಯ ಸಹಿ ಹಾಕುತ್ತಿದ್ದರು, ಓದುತ್ತಿರಲಿಲ್ಲ. ಹೊಸಬರೇ, ಇಂಥ ಉತ್ತರ ಬಂದರೆ ಅಳಬೇಡಿ. ಮರ್ಯಾದೆ ಕೊಟ್ಟಿದ್ದಾರೆ ಎಂದು ತಿಳಿಯಿರಿ.

ಎಲ್ಲ ತಿದ್ದಿದೆ, ಮತ್ತೆ ಕಳಿಸಿದೆ. ಮತ್ತೆ ತಿದ್ದಿದೆ. ಇನ್ನೇನು ಸೇರಿತು ಎನ್ನುವಾಗ ಅವರು ಬರೆದರು: ನನ್ನ ಹಳೆಯ ಸಾಮಾನಿನಲ್ಲಿ ನಿಮ್ಮದೇ ಕಾರ್ಡು ಒಂದು ಸಿಕ್ಕಿತು, ಹಾಕಿ ನೋಡಿದೆ. ದಿನವೆಲ್ಲ ಚೆನ್ನಾಗಿ ನಡೆಯುತ್ತದೆ. ಮಶೀನು ಬಂದ್ ಮಾಡಿ ಮರುದಿನ ಚಾಲೂ ಮಾಡಿದರೆ ಕಾರ್ಡೇ ಕಾಣುವುದಿಲ್ಲ. ಸತ್ತಂತೆ ಇರುತ್ತದೆ.

ಲ್ಯಾಬಿಗೆ ಓಡಿ ಎಲ್ಲ ಮಶೀನು ಚಾಲೂ ಮಾಡಿದೆ. ಎಲ್ಲ ಎದ್ದವು. ಸಂಜೆ ಬಂದ್ ಮಾಡಿದೆವು, ಬೆಳಿಗ್ಗೆ ಎದ್ದವು. ಹಗಲಲ್ಲಿ ಬಂದ್ ಮಾಡದೆ ರೀಸ್ಟಾರ್ಟ್ ಮಾಡಿ ನೋಡಿದೆ, ಆಗಲೂ ಎದ್ದವು. ನಡುವೆ ಕರೆಂಟು ಹೋಯಿತು, ನಮ್ಮಲ್ಲಿ ದಿನಾ ಹೋಗುತ್ತದೆ, ಬಂದ ಮೇಲೆ ಮತ್ತೆ ಎದ್ದವು. ನಮ್ಮಲ್ಲಿ ಎಲ್ಲ ಸರಿಯಾಗಿದೆ ಎಂದು ಬರೆದೆ. ನಮ್ಮಲ್ಲಿ ಇಲ್ಲ ಎಂದು ಅವರು ಬರೆದರು. ನಿಮ್ಮ ಕಾರ್ಡು ಹಳೆಯದಾಗಿ ಕೆಟ್ಟಿರಬಹುದು ಎಂದು ಬಹಳ ವಿನಯದಿಂದ ಬರೆದೆ. ಇನ್ನೊಂದು ದೇಶದ ಇನ್ನೊಬ್ಬರು ನಡುವೆ ಬಂದು ನಮ್ಮಲ್ಲೂ ಹೀಗೇ ಆಗುತ್ತದೆ ಎಂದರು. ಲೋಕದಲ್ಲೆಲ್ಲ ಸಾಯುವ ಕಾರ್ಡು ಕುಂದಗೋಳದ ಬಾಜು ಮಾತ್ರ ಬದುಕುತ್ತಿತ್ತು.

ಕೊನೆಗೆ ಅವರು ಬರೆದದ್ದು ಇಷ್ಟು. ತಪ್ಪು ನಿಮ್ಮ ಕಣ್ಣಿಗೆ ಬೀಳದ ತನಕ ನೀವು ಅದನ್ನು ತಿದ್ದಲಾರಿರಿ, ತಿದ್ದದೆ ನಾನು ಸೇರಿಸಲಾರೆ.

ಅದೇ ವಾರ ಗುಜರಿಯವನು ಬಂದ. ಪ್ರಿನ್ಸಿಪಾಲರು ಸುಮ್ಮನೆ ನೋಡಿ ಹೋಗಲು ಹೇಳಿದ್ದರಂತೆ. ಅವನು ಒಂದೊಂದು ಮಶೀನಿನ ನೆತ್ತಿಗೆ ಬೆರಳಿನಿಂದ ಬಡಿದು ಸದ್ದು ಕೇಳುತ್ತ ಹೋದ, ಸಂತೆಯಲ್ಲಿ ಕುಂಬಳಕಾಯಿ ನೋಡುವವರ ಹಾಗೆ. ಅಭ್ಯಾಸಕ್ಕೆ ಕೂತಿದ್ದ ಹುಡುಗಿಯೊಬ್ಬಳು ತನ್ನ ಮಶೀನಿನ ಮೇಲೆ ಅಂಗೈ ಇಟ್ಟು, "ಇದು ಚಾಲೂ ಐತ್ರಿ ಕಾಕಾ," ಎಂದಳು. ಅವನು ನಾಚಿ ಮುಂದಿನದಕ್ಕೆ ಹೋದ. ನಾನು ಅವಳ ಮುಖ ನೋಡಲಾರದೆ ಕಿಟಕಿಯ ಹೊರಗೆ ಹತ್ತಿಯ ಹೊಲ ನೋಡುತ್ತ ನಿಂತೆ.

ಆ ಸಂಜೆ ಮನೆಯಲ್ಲಿ ಗಿರಿಜಾ ಧಾರಾವಾಹಿ ಮುಗಿಸಿ ರಿಮೋಟ್ ಒತ್ತಿ ಟಿವಿ ಬಂದ್ ಮಾಡಿದಳು. ನಾನು ಎದ್ದೆ. ದಿನಾ ಏಳುತ್ತೇನೆ.

"ಮತ್ತ ಎದ್ರೇನು? ರಿಮೋಟ್ ಯಾಕ ಕೊಟ್ಟಾರ್ರಿ ಹಂಗಾರ? ನಮ್ಮ ತವರ ಮನ್ಯಾಗ ಒಬ್ರೂ ಗ್ವಾಡಿ ಬಟನ್ ಮುಟ್ಟಂಗಿಲ್ಲ. ಟಿವಿ ಏನ್ ಸುಟ್ಟ ಹೋಗಿಲ್ಲ. ನಿಮ್ಮಂಗ ಲೋಕದಾಗ ಯಾರೂ ಮಾಡಂಗಿಲ್ಲ, ತಿಳ್ಕೊರಿ!"

ನನ್ನ ಕೈ ಬಟನ್ ಮೇಲಿತ್ತು. ಟಿವಿಯ ಮೂಲೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಬಂದ್ ಆದ ಟಿವಿಯಲ್ಲಿ ದೀಪ.

"ಅವರೂ ಮುಟ್ಟಂಗಿಲ್ಲ," ಅಂದೆ.

"ಯಾರು?"

"ಅವರು! ಥಂಡಿ ದೇಶದವ್ರು! ಗ್ವಾಡಿ ಬಟನ್ ಮುಟ್ಟಂಗಿಲ್ಲ ಗಿರಿಜಾ!"

"ಅಯ್ಯ ನಿಮ್ಮ. ಮೊದಲ ಆ ಬಟನ್ ಬಿಟ್ಟ ಬರ್ರಿ, ಜಗ್ಗಿ ಕಿತ್ತಗಿತ್ತೀರಿ."

ಮರುದಿನ ಮೊದಲ ಬಸ್ಸಿಗೆ ಹೋದೆ. ಈರಪ್ಪ ಕಸ ಗುಡಿಸುತ್ತಿದ್ದ. ಒಂದು ಮಶೀನು ಚಾಲೂ ಮಾಡಿ, ಬಂದ್ ಮಾಡಿದೆ. ಅವನು ಅಭ್ಯಾಸದಂತೆ ಹಿಂದಿನ ಬಟನ್ನಿಗೆ ಕೈ ಹಾಕಿದ.

"ಮುಟ್ಟಬ್ಯಾಡ! ಹಂಗ ಇರಲಿ!"

ಈರಪ್ಪ ಪೊರಕೆ ಗೋಡೆಗೆ ಆನಿಸಿ ನನ್ನನ್ನೇ ನೋಡಿದ. "ಬಟನ್ ಬಂದ್ ಮಾಡಬ್ಯಾಡ ಅಂತ ನೀವ ಅನ್ನಾಕ ಹತ್ತೀರೇನ್ರಿ ಸರ? ಮೈ ಆರಾಮ ಅದೀರಿಲ್ಲ? ಟೈಫಾಯ್ಡ್ ತಿರುಗಿ ಬಂತೇನ್ ಮತ್ತ?"

ಸ್ವಲ್ಪ ಹೊತ್ತು ಬಿಟ್ಟು ಚಾಲೂ ಮಾಡಿದೆ. ಪರದೆ ಬಂತು. ಕಾರ್ಡು ಇಲ್ಲ. ಹಿಂಬದಿಯಲ್ಲಿ ಕೇಬಲ್ ಚುಚ್ಚುವ ಕಡೆ ಇರುವ ಚಿಕ್ಕ ಹಸಿರು ದೀಪ ಕಪ್ಪಗೆ ಕೂತಿತ್ತು. ಇಷ್ಟು ದಿನ ಹುಡುಕಿದ ಸಾವು ಕಣ್ಣ ಮುಂದೆ ಇತ್ತು.

"ಕೆಟ್ಟೈತಿ! ಈರಪ್ಪಾ, ಕೆಟ್ಟೈತಿ!" ಎಂದು ಕುಣಿದೆ.

ಸದ್ದಿಗೆ ಪ್ರಿನ್ಸಿಪಾಲರು ಓಡಿ ಬಂದರು. "ಏನಾತ್ರಿ? ಏನ್ ಕೆಟ್ಟೈತಿ?"

"ಕಾರ್ಡ್ ರೀ ಸರ! ಅಗದಿ ಪೂರಾ ಕೆಟ್ಟೈತಿ! ಭಾಳ ಚಲೋ ಆತು!"

ಅವರು ಈರಪ್ಪನ ಮುಖ ನೋಡಿದರು. ಈರಪ್ಪ ಕಣ್ಣಲ್ಲೇ, ಮುಂಜಾನಿಯಿಂದ ಹಿಂಗ ಅದಾರ್ರಿ, ಎಂದ.

ಆಗಿದ್ದು ಇಷ್ಟು. ಮಶೀನು ಬಂದ್ ಆದರೂ ಗೋಡೆಯಿಂದ ಸಣ್ಣಗೆ ಕರೆಂಟು ಹರಿಯುತ್ತಲೇ ಇರುತ್ತದೆ, ಟಿವಿಯ ಕೆಂಪು ದೀಪದಂತೆ. ನಾನು ಆ "ಹೋಗ್ತೀನಿ" ಭಾಗದಲ್ಲಿ, ಪೂರ್ತಿ ಬಂದ್ ಮಾಡುವಾಗ ಒಳಗಿನ ಎಲ್ಲವನ್ನೂ ಆರಿಸಿ ಮಲಗು ಎಂದು ಕಾರ್ಡಿಗೆ ಹುಕುಂ ಕೊಟ್ಟಿದ್ದೆ. ಪುಸ್ತಕದಲ್ಲಿ ಹಾಗೆ ಮಾಡಲೇಬೇಕು ಎಂದು ಇರಲಿಲ್ಲ, ಮಾಡಬಹುದು ಎಂದಿತ್ತು. ಮಾಡಬಹುದು ಎಂದಿದ್ದನ್ನು ಮಾಡದೆ ಬಿಟ್ಟರೆ ನನಗೆ ನಿದ್ದೆ ಬರುತ್ತದೆಯೇ? ಬೆಂಕಿಯ ಭಯದವನು ಕಾರ್ಡಿನ ಹೊಟ್ಟೆಯೊಳಗೂ ಹೋಗಿ ದೀಪ ಆರಿಸಿ ಬಂದಿದ್ದೆ. ಆ ಸಣ್ಣ ಕರೆಂಟು ಇರುವ ತನಕ ಕಾರ್ಡು ಹುಕುಮನ್ನು ನೆನಪಿಟ್ಟುಕೊಂಡು, ಎಬ್ಬಿಸಿದರೂ ಏಳದೆ ಮಲಗಿರುತ್ತಿತ್ತು. ನಮ್ಮಲ್ಲಿ ಮಾತ್ರ ದಿನಾ ಸಂಜೆ ಗೋಡೆಯ ಬಟನ್ ಬಂದ್. ಕರೆಂಟು ಪೂರ್ತಿ ಕಡಿದು ಅದು ಎಲ್ಲ ಮರೆತು, ಬೆಳಿಗ್ಗೆ ಹೊಸದಾಗಿ ಏಳುತ್ತಿತ್ತು. ಒಂದು ಚಿಂತೆ ಮಾಡಿದ ತಪ್ಪನ್ನು ಇನ್ನೊಂದು ಚಿಂತೆ ದಿನಾ ಮುಚ್ಚಿಡುತ್ತಿತ್ತು.

ತಿದ್ದಲು ಹೆಚ್ಚು ಬರೆಯಬೇಕಾಗಲಿಲ್ಲ. ಬರೆದದ್ದನ್ನು ಅಳಿಸಬೇಕಾಯಿತು. ಕೆಲವು ಸಾಲು ತೆಗೆದೆ. ಕಾರ್ಡು ಪೂರ್ತಿ ಆರದೆ, ಒಂದು ಕಿವಿ ತೆರೆದಿಟ್ಟುಕೊಂಡು ಮಲಗುವಂತೆ ಮಾಡಿದೆ. ಮಶೀನು ಬಂದ್ ಮಾಡಿ, ಬಟನ್ ಹಾಗೇ ಬಿಟ್ಟು ಹಿಂದೆ ಹೋಗಿ ನೋಡಿದೆ. ಬಂದ್ ಆದ ಮಶೀನಿನ ಬೆನ್ನಲ್ಲಿ ಆ ಹಸಿರು ದೀಪ ಮಿನುಗುತ್ತಿತ್ತು. ಚಾಲೂ ಮಾಡಿದೆ. ಕಾರ್ಡು ಎದ್ದಿತು.

ಅದು ಹೊರಡುವಾಗ ಹೇಳಿ ಹೋಗುತ್ತಿದ್ದ ಮಾತು ಈಗ ಬೇರೆಯದಾಗಿತ್ತು. ಗಿರಿಜಾಳಿಗೆ ಫೋನ್ ಮಾಡಿ, "ನಿಮ್ಮವ್ವ ಹೇಳಿದ್ದು ಬರೋಬ್ಬರಿ ಐತಿ," ಎಂದೆ. ಅವಳು ಕ್ಲಾಸಿನಲ್ಲಿದ್ದಳು. "ಯಾವ್ದು?" ಎಂದಳು. ಅವಳವ್ವ ಹೇಳಿದ್ದು ಬಹಳ ಇತ್ತು.

ಭಾಗದ ಹೆಸರನ್ನು ಅವರು ಕೇಳಿದಂತೆ ಎಲ್ಲರಿಗೂ ತಿಳಿಯುವ ಇಂಗ್ಲಿಷಿಗೆ ಮೊದಲೇ ಬದಲಿಸಿದ್ದೆ. ಈಗ ಅದರ ನೆತ್ತಿಯ ಮೇಲೆ ಒಂದು ಟಿಪ್ಪಣಿ ಬಿಟ್ಟೆ. ನಮ್ಮಲ್ಲಿ ಹೊರಡುವವರು ಹೋಗ್ತೀನಿ ಎನ್ನುವುದಿಲ್ಲ, ಬರ್ತೀನಿ ಎನ್ನುತ್ತಾರೆ. ಈ ಕಾರ್ಡೂ ಹಾಗೆಯೇ ಹೊರಡಬೇಕು, ಪೂರ್ತಿ ಆರಿಸಿದರೆ ತಿರುಗಿ ಬರುವುದಿಲ್ಲ. ಕಳಿಸಿದ ಮೇಲೆ, ಇದೊಂದು ಸಾಲಿನಿಂದಲೇ ತಿರಸ್ಕರಿಸಿದರೆ ಎಂದು ಚಿಂತೆ ಹತ್ತಿತು. ತೆಗೆದು ಇನ್ನೊಮ್ಮೆ ಕಳಿಸಲೇ ಎಂದು ಯೋಚಿಸುತ್ತಿರುವಾಗಲೇ ಉತ್ತರ ಬಂತು. ಟಿಪ್ಪಣಿ ಇರಲಿ, ಮುಂದೆ ಯಾರಾದರೂ ಜಾಣರು ಆ ಸಾಲುಗಳನ್ನು ತಿರುಗಿ ಸೇರಿಸದಂತೆ ಅದು ಕಾಯುತ್ತದೆ, ಎಂದಿದ್ದರು. ಕೆಳಗೆ: ಸೇರಿಸಿದ್ದೇನೆ.

ಆ ಉತ್ತರವನ್ನು ಪ್ರಿನ್ಸಿಪಾಲರಿಗೆ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು. ಹೊಗಳುವ ಅಭ್ಯಾಸ ಅವರಿಗೆ ಇರಲಿಲ್ಲ. "ಆ ಗುಜರಿಯವ್ಗ ನೀವ ಫೋನ್ ಮಾಡಿ ಬರಬ್ಯಾಡ ಅಂತ ಹೇಳ್ರಿ," ಎಂದರು. ನನ್ನ ನೌಕರಿಯಲ್ಲಿ ನಾನು ಮಾಡಿದ ಅತ್ಯಂತ ಸುಖದ ಫೋನು ಅದು.

ಮುಂದಿನ ಆವೃತ್ತಿ ಬಂದ ದಿನ ನಾನು ರಜೆ ಹಾಕಲಿಲ್ಲ, ಭಯ. ಲ್ಯಾಬಿನ ಮೂಲೆಯಲ್ಲಿ ಕೈಕಟ್ಟಿ ನಿಂತೆ. ಹುಡುಗಿಯರೇ ಹೊಸ ಸಿಸ್ಟಮ್ ಹಾಕಿದರು. ಒಂದರ ಹಿಂದೆ ಒಂದು ಮಶೀನು ಎದ್ದು ನೆಟ್‌ವರ್ಕಿಗೆ ಹತ್ತಿಕೊಂಡಿತು. ಅವತ್ತು ಕುಂಬಳಕಾಯಿ ಬಡಿಯುವವನಿಗೆ ಎದುರು ಹೇಳಿದ್ದ ಆ ಹುಡುಗಿ ತಿರುಗಿ, "ಸರ್, ನೀವ್ ಏನ್ ಮಾಡಾಕ ಹತ್ತೀರಿ ಅಲ್ಲಿ?" ಎಂದಳು. "ಏನೂ ಇಲ್ಲ," ಎಂದೆ. ಅದು ನಿಜವಾಗಿತ್ತು. ನನಗೆ ಏನೂ ಕೆಲಸವಿರಲಿಲ್ಲ. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಸನ್ಮಾನ ಇಲ್ಲ, ಶಾಲು ಹೊದಿಸುವವರು ಏನೇ ಹೇಳಲಿ.

ನನ್ನ ಕೊನೆಯ ದಿನ ಶಾಲನ್ನೂ ಹೊದಿಸಿದರು. ಭಾಷಣಗಳು ಮುಗಿದ ಮೇಲೆ ಲ್ಯಾಬಿಗೆ ಬಂದೆ. ಮಶೀನುಗಳೆಲ್ಲ ಬಂದ್ ಆಗಿದ್ದವು. ಬೆನ್ನಲ್ಲಿ ಸಾಲಾಗಿ ಹಸಿರು ದೀಪಗಳು. ಈರಪ್ಪ ಮೇನ್ ಹತ್ತಿರ ಕೈ ಇಟ್ಟು ನಿಂತಿದ್ದ.

"ಇಳಸ್ಲೇನ್ರಿ ಸರ? ಇಲ್ಲಾ ಹಂಗ ಬಿಡ್ಲೋ?"

"ನಿನಗ ಹ್ಯಾಂಗ ಬೇಕೋ ಹಂಗ ಮಾಡು. ಹ್ಯಾಂಗ ಮಾಡಿದ್ರೂ ಮುಂಜಾನೆ ಏಳ್ತಾವ." ಇದನ್ನು ಹೇಳುವಾಗ ನನ್ನ ದನಿ ನನಗೇ ದೊಡ್ಡ ಮನುಷ್ಯನದೆಂಬಂತೆ ಕೇಳಿಸಿತು. ಶಾಲು ಸರಿಮಾಡಿಕೊಂಡೆ. "ಬರ್ತೀನಿ ಈರಪ್ಪ."

"ಬರ್ರಿ ಸರ."

ಬಸ್‌ಸ್ಟ್ಯಾಂಡಿನ ತನಕ ಹೋದೆ. ಬಸ್ಸು ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ಹಂಗ ಬಿಡು ಎಂದು ತಿಳಿದುಕೊಂಡನೋ, ಇಳಿಸು ಎಂದು ತಿಳಿದುಕೊಂಡನೋ? ಬಿಟ್ಟಿದ್ದರೆ, ಹಳೆಯ ವೈರು... ಕಾಲು ತೆಗೆದೆ. ಕಂಡಕ್ಟರ್ ಏನೋ ಅಂದ. ಹೂವಿನ ಹಾರ ಕೈಯಲ್ಲಿ ಹಿಡಿದು, ಶಾಲು ಹೆಗಲಿಗೆ ಹಾಕಿ, ಹೋದ ದಾರಿಯಲ್ಲೇ ಲಗುಬಗೆಯಿಂದ ತಿರುಗಿ ಬಂದೆ.

ಈರಪ್ಪ ಬೀಗ ಹಾಕಿ ಮೆಟ್ಟಿಲ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ. ತಲೆ ಎತ್ತದೆಯೇ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

"ಬರ್ತೀನಿ ಅಂದಿದ್ರಿ ಖರೆ," ಎಂದ, "ಇಷ್ಟ ಲಗೂನ ಬರ್ತೀರಂತ ಗೊತ್ತಿರಲಿಲ್ರಿ ಸರ."